ಸಮಾಧಾನಪ್ಪನ ಸಾಕ್ಷಿ

ಮಕ್ಕಳಿಗೆ ಹೆಸರಿಡುವ ಮುಂಚೆ ತಂದೆ-ತಾಯಿಗಳು ಓಣಿಯವರ ಬಗ್ಗೆಯೂ ಒಂದಿಷ್ಟು ಯೋಚಿಸಬೇಕು ಎಂಬುದು ನನ್ನ ಬಹುಕಾಲದ ಅಭಿಪ್ರಾಯ. ಬನಹಟ್ಟಿಯ ನಮ್ಮ ಓಣಿಯಲ್ಲಿ ಹಿಟ್ಟಿನ ಗಿರಣಿ ನಡೆಸುವ ಮನುಷ್ಯನಿಗೆ ಅವನಪ್ಪ ಸಮಾಧಾನಪ್ಪ ಎಂದು ಹೆಸರಿಟ್ಟ. ಅವನದೇನು, ಇಟ್ಟು ಹೋದ, ಅನುಭವಿಸಿದವರು ನಾವು. ಜೋಳ ಹಸಿಯಿದ್ದರೆ ಬೈಗುಳ, ಡಬ್ಬಿಗೆ ಮುಚ್ಚಳವಿಲ್ಲದಿದ್ದರೆ ಬೈಗುಳ, ಸಾಲು ತಪ್ಪಿಸಿದರೆ ಬೈಗುಳ, ಸಾಲಿನಲ್ಲಿ ತೆಪ್ಪಗೆ ನಿಂತರೆ ‘ಯಾಕಲೇ ಗೂಟದ್ಹಂಗ ನಿಂತಿ’ ಎಂದು ಬೈಗುಳ. ಗಿರಣಿಯ ಸದ್ದಿನಲ್ಲಿ ಮೆಲ್ಲಗೆ ಮಾತಾಡಿದರೆ ಯಾರಿಗೂ ಕೇಳುವುದಿಲ್ಲ ಎಂಬುದು ಅವನ ಸಮರ್ಥನೆ. ಕರೆಂಟು ಹೋಗಿ ಗಿರಣಿ ನಿಂತಾಗಲೂ ಅವನ ದನಿ ಇಳಿಯುತ್ತಿರಲಿಲ್ಲ. ಆಗ ಕರೆಂಟಿನವರನ್ನು ಬೈಯುತ್ತಿದ್ದ.

ಅವನ ಹೆಂಡತಿ ಮಾರ್ಥವ್ವ ಮಾತು ಕಡಿಮೆಯ ಹೆಂಗಸು. ಅಜ್ಜನ ಕಾಲದಿಂದ ಚರ್ಚಿಗೆ ನಡೆದುಕೊಂಡು ಬಂದ ಮನೆತನದವಳು. ಹೋದ ವರ್ಷ ಒಂದು ಮಧ್ಯಾಹ್ನ ಅವಳು ಪಕ್ಕದ ಮನೆಯ ಯಲ್ಲಕ್ಕನ ಸಜ್ಜೆಯನ್ನು ಯಾರದೋ ಜೋಳದ ಮೇಲೆ ಸುರಿದುಬಿಟ್ಟಳು. ಗಿರಾಕಿಗಳೆಲ್ಲ ನಿಂತಿದ್ದಾರೆ ಎಂಬುದನ್ನೂ ನೋಡದೆ ಸಮಾಧಾನಪ್ಪ ಅವಳ ತವರು, ತಾಯಿ, ತಲೆ, ಮೂರನ್ನೂ ಜಾಲಾಡಿದ. ಮಾರ್ಥವ್ವ ಗಿರಣಿಯ ಸ್ವಿಚ್ಚು ಆರಿಸಿದಳು, ಕೈಯ ಹಿಟ್ಟು ಸೆರಗಿಗೆ ಒರೆಸಿಕೊಂಡಳು, ನೆಟ್ಟಗೆ ಬಸ್ ಸ್ಟ್ಯಾಂಡಿಗೆ ನಡೆದು ಮುಧೋಳದ ಬಸ್ಸು ಹತ್ತಿದಳು. ಮುಧೋಳದಲ್ಲಿ ಅವಳಣ್ಣನ ಮನೆ.

ತಾನೇ ಬಡಿದ ರೊಟ್ಟಿಯನ್ನು ತಾನೇ ತಿನ್ನಲಾಗದೆ ಸಮಾಧಾನಪ್ಪ ಕರೆತರಲು ಹೋದ. ಮಾರ್ಥವ್ವ ಆಣೆ ಕೇಳಲಿಲ್ಲ, ಹಿರಿಯರನ್ನು ಕೂಡಿಸಲಿಲ್ಲ.

“ಗುರುವಾರ ಸಂಜೀಕ ಚರ್ಚಿನ್ಯಾಗ ಬೈಬಲ್ ಅಧ್ಯಯನ ನಡೀತೈತಿ. ವರ್ಷತನಕ ಹೋಗ್ರಿ. ಗಿರಣಿ ನಾ ನೋಡ್ಕೊಳ್ತೇನಿ. ವರ್ಷ ಆದ ಮ್ಯಾಲೆ ಎಲ್ಲಾರ ಮುಂದ ಎದ್ದು ನಿಂತು, ನನ್ನ ಸಿಟ್ಟು ಹೋಗೇತಿ ಅಂತ ಹೇಳ್ರಿ. ನಾ ಕುಂತು ಕೇಳ್ತೇನಿ. ಖರೆ ಅನಿಸಿದ್ರ ಇರ್ತೇನಿ. ಇಲ್ಲಂದ್ರ ಮುಧೋಳದ ಬಸ್ಸು ಎಲ್ಲೂ ಹೋಗಿಲ್ಲ” ಎಂದಳು.

ಹೀಗೆ ಸಮಾಧಾನಪ್ಪ ವಿದ್ಯಾರ್ಥಿಯಾದ. ಮೊದಲ ಗುರುವಾರವೇ ತಡವಾಗಿ ಹೋದ. ಆತ್ಮದ ಫಲಗಳು ಎಂದು ಬೈಬಲಿನಲ್ಲಿ ಹೇಳಿದ ಸದ್ಗುಣಗಳನ್ನು ಪಾಸ್ಟರು ಒಬ್ಬೊಬ್ಬರಿಗೆ ಒಂದೊಂದರಂತೆ ಹಂಚುತ್ತಿದ್ದರು. ವರ್ಷವಿಡೀ ಅದನ್ನೇ ಓದಿ, ಅದರಲ್ಲೇ ಬೆಳೆಯಬೇಕು. ಸಂತೋಷವನ್ನು ನಿವೃತ್ತ ಟೀಚರಮ್ಮ ಒಬ್ಬರು ಆಗಲೇ ಹಿಡಿದಿದ್ದರು. ಪ್ರೀತಿಗೆ ಹುಡುಗರಲ್ಲಿ ಪೈಪೋಟಿ ನಡೆದು ತೀರ್ಮಾನವೂ ಆಗಿತ್ತು. ಯಾರೂ ಮುಟ್ಟದೆ ಉಳಿದಿದ್ದದ್ದು ದೀರ್ಘಶಾಂತಿ ಒಂದೇ.

“ಅಂದ್ರ ಏನ್ರಿ?” ಎಂದ ಸಮಾಧಾನಪ್ಪ.

“ಬಹಳ ತಾಳಿಕೊಳ್ಳೋದು” ಎಂದರು ಪಾಸ್ಟರು.

“ಬಹಳ ಅಂದ್ರ ಎಷ್ಟ್ರಿ?”

“ಅದಕ್ಕೆ ಅಳತೆ ಇಲ್ಲ.”

ಹುಟ್ಟಿದಾಗಿನಿಂದ ಕಿಲೋಕ್ಕಿಷ್ಟು ಎಂದು ಬದುಕಿದವನಿಗೆ ಅಳತೆಯಿಲ್ಲದ ವ್ಯವಹಾರ ಕೇಳಿ ದಿಗಿಲಾಯಿತು. ಆದರೆ ಬೇರೆ ಮಾಲು ಉಳಿದಿರಲಿಲ್ಲ.

ಓದಿದ ಎಂಬುದರಲ್ಲಿ ಸುಳ್ಳಿಲ್ಲ. ಕೆಂಪು ಪೆನ್ಸಿಲ್ಲಿನಿಂದ ಗೆರೆ ಎಳೆದೆಳೆದು ಪುಟ ಹರಿಯುವಷ್ಟು ಓದಿದ. ಮನೆ-ಮಾರು ಕಳೆದುಕೊಂಡು, ಮೈತುಂಬ ಹುಣ್ಣಾಗಿ, ಬೂದಿಯಲ್ಲಿ ಕುಳಿತೂ ತಾಳಿಕೊಂಡ ಪುಣ್ಯಾತ್ಮನ ಕಥೆ ಓದಿದ ದಿನ ಮಾತ್ರ ಪಾಸ್ಟರ ಮುಂದೆ ತಕರಾರು ಎತ್ತಿದ. ‘ಆದ್ರ ಅವನ ಮನಿ ಮಗ್ಗಲಕ ಯಲ್ಲಕ್ಕ ಇದ್ದಿಲ್ಲಲ್ರಿ’ ಎಂದ. ಕಲಿತದ್ದನ್ನು ಜಾರಿಗೂ ತಂದ. ಗಿರಣಿಯ ಮುಂದೆ ನೂಕುನುಗ್ಗಲಾದರೆ, “ತಾಳ್ಮಿ ಇಲ್ಲೇನ್ಲೇ ನಿಮಗ? ದೀರ್ಘಶಾಂತಿ ಅಂದ್ರ ಗೊತ್ತೈತೇನು ಕತ್ತೆಗೋಳ!” ಎಂದು ಮೊದಲಿಗಿಂತ ಎತ್ತರದ ದನಿಯಲ್ಲಿ ಬೋಧಿಸತೊಡಗಿದ. ನಮಗೆ ಬೈಗುಳದ ಜೊತೆ ಧರ್ಮವೂ ಸಿಗುವಂತಾಯಿತು, ಅಷ್ಟೇ ಫರಕು.

ವರ್ಷ ತುಂಬಿತು. ಒಂದು ಸೋಮವಾರ ಪಾಸ್ಟರು ಗಿರಣಿಗೇ ಬಂದರು. ಒಳ್ಳೆಯ ಮನುಷ್ಯರು, ಧಾರವಾಡದ ಕಡೆಯವರು. ಓಡುವ ಗಿರಣಿಯ ಮುಂದೆ ಗುಟ್ಟಿನ ಮಾತಾಡಬಾರದೆಂಬ ತಿಳಿವಳಿಕೆ ಇರಲಿಲ್ಲ.

“ಬರೋ ರವಿವಾರ ನೀವು ಸಾಕ್ಷಿ ಹೇಳಬೇಕು!” ಎಂದು ಕೂಗಿದರು.

“ಏನ್ರಿ?”

“ಸಾಕ್ಷಿ! ಸಾಕ್ಷಿ! ಎಲ್ಲಾರ ಮುಂದ! ಏನೇನು ನಡೀತೋ ಅದನ್ನ, ಒಂದೂ ಮುಚ್ಚಿಡದಂಗ!”

“ಹೇಳ್ತೇನ್ರಿ! ಯಾರಪ್ಪಂದೂ ಅಂಜಿಕಿಲ್ಲ ನನಗ!” ಎಂದು ಸಮಾಧಾನಪ್ಪ ಎದೆ ತಟ್ಟಿಕೊಂಡ.

ಚರ್ಚಿಗೆ ಹೋಗುವವರ ಮಾತಿನಲ್ಲಿ ಸಾಕ್ಷಿ ಎಂದರೆ ದೇವರು ತನ್ನ ಬಾಳಿನಲ್ಲಿ ಮಾಡಿದ್ದನ್ನು ತಾನೇ ಎದ್ದು ನಿಂತು ಹೇಳುವುದು. ನಮ್ಮ ಓಣಿಯ ಮಾತಿನಲ್ಲಿ ಸಾಕ್ಷಿ ಎಂದರೆ ಕೋರ್ಟು, ಕಟಕಟೆ, ಕರಿಕೋಟು. ಸಾಲಿನಲ್ಲಿ ಮೊದಲಿಗಳಾಗಿ ನಿಂತಿದ್ದವಳು ಯಲ್ಲಕ್ಕ. ಅವಳು ತನ್ನ ಎಮ್ಮೆಯನ್ನು ದಿನಾ ಬೆಳಿಗ್ಗೆ ಬಾಗಿಲ ಮುಂದೆಯೇ ತೊಳೆದು, ಆ ಸಗಣಿ ನೀರನ್ನು ಗಿರಣಿಯ ಹೊಸ್ತಿಲಿಗೆ ಹರಿಯಬಿಡುವವಳು. ಅವಳು ಹಿಟ್ಟಿನ ಡಬ್ಬಿಯನ್ನು ಅಲ್ಲೇ ಬಿಟ್ಟು ಓಡಿದ್ದನ್ನು ನಾನು ಕಣ್ಣಾರೆ ನೋಡಿದೆ.

ಸಂಜೆಯೊಳಗೆ ಸುದ್ದಿ, ಸಮಾಧಾನಪ್ಪ ಜಮಖಂಡಿಯ ಕೋರ್ಟಿನಲ್ಲಿ ಓಣಿಯವರ ಮೇಲೆ ಸಾಕ್ಷಿ ಹೇಳುತ್ತಾನೆ ಎಂಬಲ್ಲಿಗೆ ಮುಟ್ಟಿತ್ತು. ಮರುದಿನ ತೇರದಾಳದ ಸಂತೆಗೆ ಹೋಗಿ ಬಂದವರು ಅಲ್ಲಿಯೂ ಇದೇ ಮಾತು ಎಂದರು. ರವಿವಾರ ಕೋರ್ಟು ಎಲ್ಲಿರುತ್ತದೆ ಎಂದು ನಾನೇ ಒಮ್ಮೆ ಕೇಳಿದೆ. ಕಿರಾಣಿ ವ್ಯಾಪಾರಿ ಚನಮಲ್ಲಪ್ಪ ನನ್ನತ್ತ ಕನಿಕರದಿಂದ ನೋಡಿದ.

“ಅದಕ್ಕ ಅಂಜಿಕಿ ಬರೋದು ಮಾರಾಯಾ. ರಜಾ ದಿನಾ ಕುಂತು ಕೇಳ್ತಾರಂದ್ರ ಕೇಸ ಎಷ್ಟ ದೊಡ್ಡದಿರಬೇಕು!”

ಚನಮಲ್ಲಪ್ಪ ಅಂಜುವುದಕ್ಕೂ ಕಾರಣವಿತ್ತು. ಅವನ ಅಂಗಡಿಯ ಮುಂದಿನ ಕಟ್ಟೆ ಪ್ರತಿ ದೀಪಾವಳಿಗೆ ಸುಣ್ಣ ಬಳಿಯುವ ನೆಪದಲ್ಲಿ ಅಷ್ಟಷ್ಟು ಬೆಳೆದು ರಸ್ತೆಗೆ ಬಂದಿತ್ತು. ಎದುರಿನ ಗಿರಣಿಯಿಂದ ಅದರ ಬೆಳವಣಿಗೆ ಚೆನ್ನಾಗಿ ಕಾಣುತ್ತಿತ್ತು.

ಆ ವಾರ ಸಮಾಧಾನಪ್ಪನ ಬಾಳಿನಲ್ಲಿ ಪವಾಡಗಳು ಸುರುವಾದವು. ಮಂಗಳವಾರ ಬೆಳಿಗ್ಗೆ ಗಿರಣಿಯ ಬಾಗಿಲು ತೆಗೆದರೆ ಹೊಸ್ತಿಲು ಒಣಗಿತ್ತು. ಎಮ್ಮೆ ಹಿತ್ತಲಿಗೆ ಹೋಗಿತ್ತು. ಅಷ್ಟೇ ಅಲ್ಲ, ಯಲ್ಲಕ್ಕ ಕಸಬರಿಗೆ ಹಿಡಿದು ಗಿರಣಿಯ ಮುಂದೆ ಕಸ ಹೊಡೆಯುತ್ತಿದ್ದಳು. ಇಷ್ಟು ವರ್ಷ ‘ಸಮಾಧಾನ್ಯಾ’ ಎಂದೇ ಕರೆಯುತ್ತಿದ್ದವಳು, “ಸಮಾಧಾನಪ್ಪಣ್ಣಾ, ಚಾ ಆತೇನ್ರಿ?” ಎಂದಳು.

ಸಮಾಧಾನಪ್ಪ ಒಳಗೆ ಓಡಿದ. “ಏ ಮಾರ್ಥಾ! ದೀರ್ಘಶಾಂತಿ ಓಣಿಗೆಲ್ಲಾ ಹಬ್ಬಾಕತ್ತೈತಿ ನೋಡ!”

ಮಾರ್ಥವ್ವ ರೊಟ್ಟಿ ಬಡಿಯುತ್ತಲೇ ಇದ್ದಳು.

ಅವತ್ತೇ ಚನಮಲ್ಲಪ್ಪ ಪೇಡೆಯ ಡಬ್ಬಿ ಹಿಡಿದು ಬಂದ. ಗಿರಣಿ ಭರ್ತಿ ಓಡುತ್ತಿತ್ತು.

“ರವಿವಾರದ್ದು ಕೇಳಿದ್ನಿರಿ. ಆದ್ರ ಕಂಡದ್ದೆಲ್ಲಾ ಹೇಳಬೇಕಂತ ಏನಿಲ್ಲಲ್ರಿ?”

“ಎಲ್ಲಾನೂ ಹೇಳಬೇಕ್ರಿ. ಒಂದು ಮುಚ್ಚಿಟ್ರೂ ಅದು ಸಾಕ್ಷಿ ಅಲ್ಲಂತ.”

“ನಮ್ಮ ಕಟ್ಟಿ...” ಎಂದು ಚನಮಲ್ಲಪ್ಪ ಗಂಟಲು ಸರಿಮಾಡಿಕೊಂಡ.

“ಗಟ್ಟೀನಾ? ಹೌದ್ರಿ, ಮನಸ್ಸು ಗಟ್ಟಿ ಮಾಡೇನ್ರಿ!”

ಚನಮಲ್ಲಪ್ಪ ಪೇಡೆ ಇಟ್ಟು ಹಿಂದೆ ಹಿಂದೆ ಸರಿದು ಹೊರಟುಹೋದ. ಸಂಜೆಗೆ ಗೌಂಡಿ ಬಂದು ಕಟ್ಟೆಯ ಮೂತಿ ಒಡೆಯತೊಡಗಿದ. ವರ್ಷಗಟ್ಟಲೆ ಕಾಣದಿದ್ದ ರಸ್ತೆ ಹೊರಬಿತ್ತು. ಸುತ್ತಿಗೆಯ ಪ್ರತಿ ಏಟಿಗೂ ಚನಮಲ್ಲಪ್ಪ ‘ಅಯ್ಯಯ್ಯೋ’ ಎಂದು ತನ್ನದೇ ಎಲುಬು ಮುರಿದಂತೆ ನರಳುವುದು ನನ್ನ ಮನೆಯತನಕ ಕೇಳುತ್ತಿತ್ತು.

ಬುಧವಾರ ಅಮಸಿದ್ದಪ್ಪ ಬಂದ. ಕುರಿ ಸಾಕುವ ಮನೆತನದವನು; ಅವನ ಕಾಳಗದ ಟಗರಿಗೆ ಸುತ್ತಲಿನ ಊರುಗಳಲ್ಲಿ ಹೆಸರಿತ್ತು. ಆ ಟಗರು ಎದುರಾಳಿ ಸಿಗದ ಒಂದು ದಿನ ಓಣಿಯ ತಿರುವಿನಲ್ಲಿ ನಿಂತಿದ್ದ ಸರಕಾರಿ ಜೀಪಿಗೇ ಗುದ್ದಿತ್ತು. ಬಾಗಿಲು ಒಳಕ್ಕೆ ಹೋಗಿತ್ತು. ಗುದ್ದಿದವರು ಯಾರೆಂದು ಇವತ್ತಿನವರೆಗೂ ಪತ್ತೆಯಾಗಿರಲಿಲ್ಲ. ಆ ಹೊತ್ತಿನಲ್ಲಿ ಗಿರಣಿಯ ಬಾಗಿಲಲ್ಲಿ ನಿಂತಿದ್ದವನು ಸಮಾಧಾನಪ್ಪ ಒಬ್ಬನೇ.

ಅಮಸಿದ್ದಪ್ಪ ಮಟನ್ ಸಾರಿನ ಡಬ್ಬಿಯನ್ನು ಮುಂದಿಟ್ಟು ಕೈ ಮುಗಿದ. “ಮೂಕ ಪ್ರಾಣಿರಿ ಅದು. ಅದಕ್ಕೇನು ತಿಳೀತೈತ್ರಿ?”

ಸಮಾಧಾನಪ್ಪನ ಕಣ್ಣು ಒದ್ದೆಯಾಯಿತು. “ಖರೆ ಮಾತು ಹೇಳಿದ್ಯೋ ಅಮಸಿದ್ದಾ! ಬಡದ್ರೂ ತಾಳ್ತೈತಿ, ಕಡದ್ರೂ ತಾಳ್ತೈತಿ. ಮೂಕ ಪ್ರಾಣಿಗಿರೋ ತಾಳ್ಮಿ ನಮಗ್ಯಾಕಿಲ್ಲ? ರವಿವಾರ ಇದನ್ನೂ ಹೇಳ್ತೇನಿ.”

“ಟಗರಿಂದು ಹೇಳ್ತೀರಿ?”

“ಹೇಳಾಕಬೇಕು. ಛಲೋ ಉದಾಹರಣೆ.”

ಅಮಸಿದ್ದಪ್ಪ ಅಂದೇ ಟಗರನ್ನು ರನ್ನ ಬೆಳಗಲಿಯ ಬೀಗರ ಮನೆಗೆ ಸಾಗಿಸಿದ. ಅದು ಹೋಗುವಾಗ ಟಂಟಂ ಗಾಡಿಗೂ ಒಂದು ಗುದ್ದಿತು ಎಂದು ಆಮೇಲೆ ಕೇಳಿದೆ.

ಇಷ್ಟಾದ ಮೇಲೆ ಪೊಲೀಸರು ಸುಮ್ಮನಿರುತ್ತಾರೆಯೇ? ಶುಕ್ರವಾರ ಹವಾಲ್ದಾರ ಹಾಲೇಶ ಬಂದ. ಅವನ ಸಂಕಟ ಬೇರೆಯದು.

“ಏನಪ್ಪಾ ಸಮಾಧಾನಪ್ಪಾ, ಠಾಣೇದಾಗ ಒಂದೂ ಕೇಸಿಲ್ಲ, ನೀ ಸಾಕ್ಷಿ ಹೇಳ್ತೀ ಅಂತ ಊರೆಲ್ಲಾ ಸುದ್ದಿ. ಮೊದ್ಲ ಕೇಸು, ಆಮ್ಯಾಲೆ ಸಾಕ್ಷಿ. ನನ್ನ ಸರ್ವೀಸಿನ್ಯಾಗ ಉಲ್ಟಾ ಆಗಿದ್ದು ನೋಡಿಲ್ಲ. ಯಾವ ಕೇಸು ಅದು?”

“ನನ್ನ ಸ್ವಂತದ್ದ ಸರ್.”

“ಎದುರಾಳಿ ಯಾರು?”

ಸಮಾಧಾನಪ್ಪ ಗುರುವಾರದ ಪಾಠವನ್ನು ನೆನೆಸಿಕೊಂಡು, “ಸೈತಾನ ಸರ್” ಎಂದ.

“ಸೈತಾನ. ಅಡ್ಡಹೆಸರು? ಯಾವ ಊರಾಂವ?”

“ಎಲ್ಲಾ ಊರಾಗೂ ಅದಾನ ಸರ್. ಬೀಳಗಿಯೊಳಗೂ ಅದಾನ, ಜಮಖಂಡಿಯೊಳಗೂ ಅದಾನ. ಮೊದ್ಲ ನನ್ನ ಮನಿಯೊಳಗ ಇದ್ದ. ಈಗ ಓಡಿಸೇನಿ.”

ಹಾಲೇಶ ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಂಡ. “ದೊಡ್ಡ ಗ್ಯಾಂಗ್ ಐತಲ್ಲಪ್ಪ ಇದು! ರವಿವಾರ ನಾನೂ ಬರ್ತೇನಿ. ಅಲ್ಲೀತನಕ ಒಬ್ನ ಅಡ್ಡಾಡಬ್ಯಾಡ” ಎಂದು ಹೇಳಿ ಹೋದ.

ಸಮಾಧಾನಪ್ಪನ ಸ್ಥಿತಿ ಏನೆಂದು ಹೇಳಲಿ! ಸಾಲು ತಪ್ಪಿಸುವವರಿಲ್ಲ, ಹಸಿ ಜೋಳ ತರುವವರಿಲ್ಲ, ಚಿಲ್ಲರೆಗೆ ಜಗಳವಾಡುವವರಿಲ್ಲ. ಎಲ್ಲರೂ ಡಬ್ಬಿಯ ಮುಚ್ಚಳ ಮುಚ್ಚಿಕೊಂಡು, ‘ನಿಧಾನಕ ಬೀಸ್ರಿ, ನಮಗೇನ ಗಡಿಬಿಡಿ’ ಎನ್ನುತ್ತಿದ್ದರು. ಬೈಯಲು ಬಾಯಿ ತೆಗೆದರೆ ಬೈಯಲು ಯಾರೂ ಇಲ್ಲ. ಒಂದು ವಾರದಲ್ಲಿ ಒಂದು ಸಲವೂ ಸಿಟ್ಟು ಬರಲಿಲ್ಲ. ಇದು ತನ್ನ ಓದಿನ ಫಲ ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನ ಇರಲಿಲ್ಲ. ಕನ್ನಡಿಯ ಮುಂದೆ ನಿಂತು ಸಾಧುಗಳ ಹಾಗೆ ಕಣ್ಣು ಅರ್ಧ ಮುಚ್ಚುವುದನ್ನೂ ರೂಢಿ ಮಾಡಿಕೊಂಡ.

ಶನಿವಾರ ಸಂಜೆ ಅವನು ಹೆಂಡತಿಯ ಎದುರು ಕುಳಿತು, “ಈಗರ ಒಪ್ತೀ ಇಲ್ಲೋ, ಸಿಟ್ಟು ಹೋಗೇತಿ ಅಂತ?” ಎಂದ.

“ಯಾರರ ಕೆಣಕಿದ್ರಲ್ಲಾ ತಿಳಿಯೋದು” ಎಂದಳು ಮಾರ್ಥವ್ವ. “ಎಲ್ಲಾರೂ ಕಾಲಿಗೆ ಬೀಳಾಕತ್ತಾರ. ಕಾಲಿಗೆ ಬಿದ್ದವರ ಮ್ಯಾಲೆ ಯಾರಿಗೆ ಸಿಟ್ಟು ಬರ್ತೈತಿ? ನಾಳೆ ನೋಡೂಣು.”

ಹೇಳಿ, ಸೀರೆಗಳನ್ನು ಮಡಿಚಿ ಕೈಚೀಲಕ್ಕೆ ಹಾಕಿ, ಚೀಲವನ್ನು ಬಾಗಿಲ ಬಳಿ ಇಟ್ಟಳು. ಆ ಚೀಲ ನೋಡಿದ ಸಮಾಧಾನಪ್ಪ ಕೈಯಲ್ಲಿದ್ದ ಪೇಡೆಯನ್ನು ಡಬ್ಬಿಗೆ ಮರಳಿ ಇಟ್ಟ. ಈ ಹೆಂಗಸಿಲ್ಲದೆ ತನಗೆ ಒಂದು ದಿನವೂ ನಡೆಯದು ಎಂಬುದು ಅವನಿಗೆ ಗೊತ್ತಿತ್ತು. ಅದನ್ನು ಅವಳಿಗೆ ಹೇಳಬೇಕೆಂಬುದು ಮಾತ್ರ ಎಂದೂ ಹೊಳೆದಿರಲಿಲ್ಲ.

ರವಿವಾರ ಚರ್ಚಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಿಂದಿನ ಬೆಂಚುಗಳಲ್ಲಿ ಪ್ರತಿ ವಾರ ಧೂಳು ಮಾತ್ರ ಕುಳಿತಿರುತ್ತಿತ್ತಂತೆ. ಕೋರ್ಟಿಗೆ ರಜೆ ಇದ್ದುದರಿಂದ ಕೇಸು ಚರ್ಚಿನಲ್ಲೇ ನಡೆಯುತ್ತದೆ ಎಂದುಕೊಂಡು ಅಂದು ಇಡೀ ಓಣಿ ಬಂದು ಕುಳಿತಿತ್ತು. ಯಲ್ಲಕ್ಕ ಮೊದಲ ಸಾಲಿನಲ್ಲಿ. ಚನಮಲ್ಲಪ್ಪ ಇಸ್ತ್ರಿ ಮಾಡಿದ ಧೋತರದಲ್ಲಿ. ಅಮಸಿದ್ದಪ್ಪ ಹಣೆಗೆ ಅರಿಸಿನದ ಭಂಡಾರ ಹಚ್ಚಿಕೊಂಡು, ಬೀರದೇವರಿಗೆ ಹರಕೆ ಹೊತ್ತು ಬಂದಿದ್ದ. ಬಾಗಿಲ ಬಳಿ ಹವಾಲ್ದಾರ ಹಾಲೇಶ, ಸೈತಾನ ಬಂದರೆ ಹಿಡಿಯಲು. ನಾನೂ ಹೋಗಿದ್ದೆ. ನನಗೇನೂ ಅಂಜಿಕೆ ಇರಲಿಲ್ಲ, ಸುಮ್ಮನೆ ಹೋಗಿದ್ದೆ. ಪಾಸ್ಟರಿಗೆ ಕಣ್ಣಲ್ಲಿ ನೀರು ಬಂತು. ಇಷ್ಟು ವರ್ಷದ ಸೇವೆ ಸಾರ್ಥಕವಾಯಿತು ಎಂದು ಅವರು ಹೇಳುವಾಗ ಚನಮಲ್ಲಪ್ಪ ಯಾಕೋ ಏನೋ ಎಂದು ಎರಡು ಸಲ ಕೈ ಮುಗಿದ.

ಸಮಾಧಾನಪ್ಪ ಎದ್ದು ನಿಂತ. ಕಣ್ಣು ಅರ್ಧ ಮುಚ್ಚಿದ.

“ನನ್ನ ಸಾಕ್ಷಿ ಹೇಳ್ತೇನಿ” ಎಂದ. “ವರ್ಷದ ಹಿಂದ ನಾ ಬಾಳ ಸಿಟ್ಟಿನ ಮನಶ್ಯಾ ಇದ್ನಿ. ಓದಿದ್ನಿ, ಪ್ರಾರ್ಥನಾ ಮಾಡಿದ್ನಿ. ಈಗ ಸಿಟ್ಟು ಅನ್ನೋದು ಬುಡಸಮೇತ ಹೋಗೇತಿ. ಸುಳ್ಳಂದ್ರ ನಮ್ಮ ಓಣಿಯವರನ್ನ ಕೇಳ್ರಿ.”

ಅಷ್ಟು ಹೇಳಿ ಮಾರ್ಥವ್ವನ ಕಡೆ ನೋಡಿದ. ಅವಳ ಮುಖದಲ್ಲಿ ಏನೂ ಕಾಣಲಿಲ್ಲ.

ಪಾಸ್ಟರಿಗೆ ಹೊಸಬರ ಮೇಲೆ ಅಕ್ಕರೆ ಉಕ್ಕಿತು. ಅವರಿಗೂ ತಿಳಿಯಲಿ ಎಂದು, “ಇದು ಕೋರ್ಟಿನ ಸಾಕ್ಷಿ ಅಲ್ಲ, ಬಂಧುಗಳೇ. ಇಲ್ಲಿ ಯಾರೂ ಇನ್ನೊಬ್ಬರ ಮಾತು ಎತ್ತೋದಿಲ್ಲ. ತನ್ನ ಬಗ್ಗೆ ತಾನೇ ಹೇಳಿಕೊಳ್ಳೋದಕ್ಕೆ ನಾವು ಸಾಕ್ಷಿ ಅಂತೀವಿ” ಎಂದು ಬಿಡಿಸಿ ಹೇಳಿದರು.

ಚನಮಲ್ಲಪ್ಪ ನಿಧಾನವಾಗಿ ಎದ್ದ.

“ಅಂದ್ರ ಕಟ್ಟೀದು ಹೇಳಂಗಿಲ್ಲ?”

“ಯಾವ ಕಟ್ಟಿ?” ಎಂದರು ಪಾಸ್ಟರು.

“ಅಯ್ಯ ನನ್ನ ಕರ್ಮವ! ಒಡಸಿಬಿಟ್ನೆಲ್ಲೋ! ಛಲೋ ಕಡಪಾ ಕಲ್ಲು ಹಾಕಿಸಿದ್ನೆಲ್ಲೋ!”

“ಎಲಾ ಇವನ!” ಯಲ್ಲಕ್ಕ ಸೆರಗು ಸೊಂಟಕ್ಕೆ ಸಿಗಿಸಿಕೊಂಡಳು. “ಇವನ ಸಲುವಾಗಿ ವಾರತನಕ ಎಮ್ಮಿ ಹಿತ್ತಲಕ ಕಟ್ಟೇನಿ. ಸೊಳ್ಳಿ ಕಡದು ಹಾಲ ಕಮ್ಮಿ ಆಗೇತಿ. ಮ್ಯಾಲೆ ಇವನ ಬಾಗಲಾ ನಾ ಉಡಗಬೇಕ? ಲೇ ಸಮಾಧಾನ್ಯಾ, ನಾಳಿಂದ ನೀರು ಮೊದ್ಲಿನಂಗ ಬಿಡ್ತೇನಿ, ನೋಡಕೋ!”

“ನನ್ನ ಮಟನ್ ಡಬ್ಬಿ?” ಎಂದು ಅಮಸಿದ್ದಪ್ಪ ಹಿಂದಿನಿಂದ ಕೂಗಿದ. “ಡಬ್ಬಿಯರ ಕೊಡ್ರಿ, ಅದು ನಮ್ಮ ಮನ್ಯಾಕಿಂದು!”

ಸಮಾಧಾನಪ್ಪನ ಅರ್ಧ ಮುಚ್ಚಿದ ಕಣ್ಣು ಪೂರ್ತಿ ತೆರೆದವು. ಒಣ ಹೊಸ್ತಿಲು, ಪೇಡೆ, ಸಾರು, ‘ನಿಧಾನಕ ಬೀಸ್ರಿ’ ಎಂಬ ಸೌಜನ್ಯ, ಎಲ್ಲದರ ಅರ್ಥ ಒಮ್ಮೆಗೇ ತಲೆಗೆ ಇಳಿಯಿತು. ಮೊದಲು ಕಿವಿ ಕೆಂಪಾದವು. ಆಮೇಲೆ ಕುತ್ತಿಗೆ. ಅವನನ್ನು ಬಲ್ಲವರು ಬೆಂಚಿನ ಅಂಚಿಗೆ ಸರಿದರು.

“ಲೇ ಚನಮಲ್ಲ್ಯಾ!” ಗಿರಣಿಯನ್ನೂ ಮೀರಿಸುವ ದನಿ ಅದು, ಚರ್ಚಿನ ಕಿಟಕಿಯ ಗಾಜು ಗದಗದ ನಡುಗಿದವು. “ಸರಕಾರದ ರಸ್ತೆ ನುಂಗಿ ಕಟ್ಟಿ ಕಟ್ಟಿದಾಂವ ನೀ! ನಿನ್ನ ಪೇಡೆ ನನಗ ಬೇಕೇನ್ಲೇ? ಅಮಸಿದ್ದಾ, ಆ ಜೀಪಿನ ಬಾಗಿಲಿಗೆ ಗುದ್ದಿದ್ದು ನಿನ್ನ ಟಗರ, ನನ್ನ ಕಣ್ಣೀಲೆ ನೋಡೇನಿ! ಏ ಯಲ್ಲಕ್ಕಾ, ನಿನ್ನ ಎಮ್ಮಿ ಸಗಣಿ ತುಳದು ತುಳದು ನನ್ನ ಕಾಲಾಗಿನ ಬೊಬ್ಬಿ ಇನ್ನೂ ಮಾಯ್ದಿಲ್ಲ! ಎಲ್ಲಾ ಲಫಂಗ್ರ ನೀವು! ನಿಮ್ಮ ಸಲುವಾಗಿ ನಾ ವರ್ಷತನಕ...”

“ನಿಧಾನಕ, ನಿಧಾನಕ! ಒಂದೊಂದ ಹೇಳಪಾ!” ಹವಾಲ್ದಾರ ಹಾಲೇಶ ಜನರನ್ನು ಸರಿಸುತ್ತ ಮುಂದೆ ಬರುತ್ತಿದ್ದ. ಅವನ ಮುಖದ ಹಿಗ್ಗು ನೋಡಬೇಕಿತ್ತು. ಕಡೆಗೂ ಸಾಕ್ಷಿಗೆ ತಕ್ಕ ಕೇಸು ಸಿಕ್ಕಿತ್ತು. ಅಮಸಿದ್ದಪ್ಪ ಕಿಟಕಿಯಿಂದ ಹೊರಗೆ ಹಾರಲು ನೋಡುತ್ತಿದ್ದ.

ಆಗ ಸಮಾಧಾನಪ್ಪನ ಕಣ್ಣು ಹೆಂಡತಿಯ ಮೇಲೆ ಬಿತ್ತು. ಮಾರ್ಥವ್ವ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಅವನನ್ನೇ ನೋಡುತ್ತಿದ್ದಳು.

ಅವನು ನಿಂತ. ಮಾತಿನ ನಡುವೆಯೇ ನಿಂತ. ಸಮಾಧಾನಪ್ಪ ಬೈಗುಳವನ್ನು ಅರ್ಧಕ್ಕೆ ಬಿಟ್ಟದ್ದನ್ನು ನಾನು ನನ್ನ ಜನ್ಮದಲ್ಲಿ ನೋಡಿರಲಿಲ್ಲ. ಆಮೇಲೆ ಬಂದ ದನಿ ಮೆಲ್ಲಗಿತ್ತು. ಅವನಿಗೆ ಅಂಥದೊಂದು ದನಿ ಇದೆ ಎಂದೇ ನಮಗೆ ಗೊತ್ತಿರಲಿಲ್ಲ.

“ಪಾಸ್ಟರ್ರೀ, ಮೊದ್ಲ ಹೇಳಿದ್ದು ಸುಳ್ಳ್ರಿ. ಸಿಟ್ಟು ಹೋಗಿಲ್ಲ. ಎಲ್ಲಿ ಇತ್ತೋ ಅಲ್ಲೇ ಐತಿ. ಇವರು ಅಂಜಿದ್ರು, ನಾ ಸಂತ ಆಗೇನಿ ಅನ್ಕೊಂಡ್ನಿ.” ಹೆಂಡತಿಯ ಕಡೆ ತಿರುಗಿದ. “ಮಾರ್ಥಾ, ಅವತ್ತ ಸಜ್ಜಿ ಚೆಲ್ಲಿದ್ದಕ್ಕ ಹಂಗ ಮಾತಾಡಬಾರದಿತ್ತು. ಎಲ್ಲಾರ ಮುಂದ ಬೈದಿದ್ನಿ, ಎಲ್ಲಾರ ಮುಂದ ಹೇಳ್ತೇನಿ. ನಂದು ತಪ್ಪಾತು. ನೀ ಹೋಗ್ತಿದ್ರ ಹೋಗು. ಬಸ್ಸಿಗೆ ನಾನ ಬಿಡ್ತೇನಿ. ಆದ್ರ ನೀ ಇಲ್ಲಂದ್ರ ನಂದು ನಡಿಯಂಗಿಲ್ಲ.”

ಯಲ್ಲಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. ಹವಾಲ್ದಾರ ಎಲ್ಲಿದ್ದನೋ ಅಲ್ಲೇ ನಿಂತ.

ಮಾರ್ಥವ್ವ ಎದ್ದಳು. ಚೀಲ ಕೈಗೆತ್ತಿಕೊಂಡು ನಡುವಿನ ದಾರಿಗುಂಟ ನಡೆದಳು. ಬಾಗಿಲಿಗೆ ಹೋಗುತ್ತಾಳೆ ಎಂದು ಎಲ್ಲರೂ ದಾರಿ ಬಿಟ್ಟರು. ಅವಳು ಮುಂದಕ್ಕೆ, ಪಾಸ್ಟರ ಹತ್ತಿರ ಹೋದಳು.

“ಅಯ್ಯಾರ, ಇನ್ನ ಮ್ಯಾಲೆ ಗುರುವಾರಕ್ಕೊಮ್ಮೆ ಗಿರಣಿ ಬಂದ್. ನಾನೂ ಅಧ್ಯಯನಕ್ಕ ಬರ್ತೇನಿ.”

“ಬಹಳ ಸಂತೋಷ ತಾಯಿ” ಎಂದರು ಪಾಸ್ಟರು. “ನಿಮಗೆ ಯಾವ ಫಲ ಕೊಡೋಣ?”

“ದೀರ್ಘಶಾಂತಿ ನನಗ ಕೊಡ್ರಿ. ಇವರ ಜೋಡಿ ಬಾಳೇವು ಮಾಡಾಕ ಅದು ನನಗ ಬೇಕಾಗೇತಿ” ಎಂದಳು ಮಾರ್ಥವ್ವ. “ಅವರಿಗೆ ಏನರ ಸಣ್ಣದು ನೋಡಿ ಕೊಡ್ರಿ.”